ಕರಿ ದಾರ ಕಟ್ಟಿದ ಮರಿ

ನಾಯಿಮರಿಯ ಬಾಯಿಗೆ ಒಂದು ವಾಸನೆ ಇರುತ್ತದೆ. ಇನ್ನೂ ತಾಯಿಯ ಹಾಲು ಬಿಡದ ಮರಿಗೆ ಮಾತ್ರ ಇರುವ ವಾಸನೆ. ಹುಳಿಗೆ ತಿರುಗುತ್ತಿರುವ ಹಾಲು, ಒದ್ದೆ ಮಣ್ಣು, ತುಸು ಸೀದ ರೊಟ್ಟಿ, ಎಲ್ಲ ಸೇರಿದಂತಿರುವ ಅದು ಎರಡು ಮೂರು ತಿಂಗಳಲ್ಲಿ ಹೊರಟುಹೋಗುತ್ತದೆ; ಆಮೇಲೆ ಆ ನಾಯಿ ಎಷ್ಟು ವರ್ಷ ಬದುಕಿದರೂ ತಿರುಗಿ ಬರುವುದಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ, ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಲ್ಲಿ, ನನ್ನ ಗಂಡನ ಗೆಳೆಯರೊಬ್ಬರು ಹೊಸಪೇಟೆಯಿಂದ ತಂದಿದ್ದ ಲ್ಯಾಬ್ರಡಾರ್ ಮರಿಯೊಂದನ್ನು ನನ್ನ ಮಡಿಲಿಗೆ ಹಾಕಿದರು. ನನ್ನ ಮಗ, ಮಗಳು ಇಬ್ಬರೂ ಎರಡು ತಿಂಗಳಿಂದ ನಾಯಿ ಬೇಕೆಂದು ಹಟ ಹಿಡಿದಿದ್ದರು. ಯಾವ ಜಾತಿಯದು ತರಬೇಕೆಂದು ಅಪ್ಪನ ಫೋನಿನಲ್ಲಿ ದಿನವೂ ಚಿತ್ರ ನೋಡುತ್ತಿದ್ದರು. "ಮಕ್ಕಳಿರೋ ಮನಿಗೆ ಇದಕ್ಕಿಂತ ಚಲೋ ಜಾತಿ ಇಲ್ಲ ನೋಡ್ರಿ. ಕಚ್ಚೋದು ಅಂದ್ರ ಏನಂತನ ಇದಕ್ಕ ಗೊತ್ತಿಲ್ಲ" ಎಂದು ಗೆಳೆಯರು ಹೇಳುತ್ತಿದ್ದರು. ಮರಿ ಮುಖವೆತ್ತಿ ನನ್ನ ಗದ್ದ ನೆಕ್ಕಿತು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅದನ್ನು ಮೆಲ್ಲಗೆ ನೆಲಕ್ಕೆ ಬಿಟ್ಟು, ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ನಿಂತುಬಿಟ್ಟೆ. ಅಮ್ಮನಿಗೆ ನಾಯಿ ಎಂದರೆ ಹೆದರಿಕೆ ಎಂದು ಮಕ್ಕಳು ನಕ್ಕದ್ದು ಕೇಳಿಸಿತು. ನನಗೆ ಯಾವ ಕಾಲಕ್ಕೂ ನಾಯಿಯ ಹೆದರಿಕೆ ಇರಲಿಲ್ಲ. ನಾನು ಹುಟ್ಟಿದ ಮನೆಯಲ್ಲಿ ಮನುಷ್ಯರಷ್ಟೇ ನಾಯಿಗಳಿದ್ದವು.

ಆ ಮನೆ ಕೂಡ್ಲಿಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಅಂಚಿನಲ್ಲಿತ್ತು. ಮಣ್ಣಿನ ಮಾಳಿಗೆ, ಕತ್ತಲೆಯ ನಡುಮನೆ, ಮುಂದೆ ಉದ್ದನೆಯ ಪಡಸಾಲೆ, ಹಿಂದೆ ಕಲ್ಲು ಪೇರಿಸಿ ಮೇಲೆ ಜಾಲಿಮುಳ್ಳು ಹೊದಿಸಿದ ಕುರಿದೊಡ್ಡಿ. ಉಣ್ಣೆಯ ಜಿಡ್ಡು ಮತ್ತು ಕುರಿಹಿಕ್ಕೆಯ ಕಮಟು ನಮ್ಮ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ಮೂಗು ಮುಚ್ಚಿಕೊಂಡಾಗಲೇ ಅದು ವಾಸನೆ ಎಂದು ನನಗೆ ತಿಳಿದದ್ದು. ಅಲ್ಲಿಯವರೆಗೆ ಗಾಳಿಯೇ ಹಾಗೆ ಎಂದುಕೊಂಡಿದ್ದೆ. ನನ್ನ ಅಪ್ಪ ಮತ್ತು ಚಿಕ್ಕಪ್ಪ ವರ್ಷದಲ್ಲಿ ಆರು ತಿಂಗಳು ಕುರಿಗಳ ಜೊತೆ ಹೊರಗಿರುತ್ತಿದ್ದರು. ಗುಡ್ಡದಲ್ಲಿ ಕರಡಿ, ಬಯಲಿನಲ್ಲಿ ತೋಳ. ಹಾಗಾಗಿ ನಾಯಿಯಿಲ್ಲದ ಹಿಂಡು ನಮ್ಮಲ್ಲಿ ಇರಲಿಲ್ಲ. ಅವರಿಲ್ಲದ ದಿನಗಳಲ್ಲಿ ಮನೆಯ ಯಜಮಾನಿಕೆ ಅಜ್ಜಿಯದು, ಅಪ್ಪನ ತಾಯಿ ದುರುಗಮ್ಮನದು. ಎತ್ತರದ ಹೆಂಗಸು. ಕೆಲಸದ ಕೈ ಎಷ್ಟು ಒರಟೋ ಮಾತು ಅಷ್ಟು ಕಡಿಮೆ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಉಣ್ಣೆ ನೂಲುತ್ತಿದ್ದರೆ ಸುತ್ತ ಮೂರು ನಾಯಿಗಳಾದರೂ ಬಿದ್ದುಕೊಂಡಿರುತ್ತಿದ್ದವು. ಅವಳು ನಾಯಿಯನ್ನು ಮುದ್ದು ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ಅವಳು ಎದ್ದು ಹಿತ್ತಲಿಗೆ ಹೋದರೆ ಅವೂ ಎದ್ದು ಹಿತ್ತಲಿಗೆ ಹೋಗುತ್ತಿದ್ದವು.

ಸುತ್ತಿನ ಊರುಗಳಲ್ಲಿ ಅಜ್ಜಿಗೆ ಒಂದು ಹೆಸರಿತ್ತು. ಮಕ್ಕಳಿರುವ ಮನೆಗೆ ನಾಯಿ ಬೇಕಾದರೆ ದುರುಗಮ್ಮನ ಕೈಯಿಂದ ಮರಿ ತರಬೇಕು ಎನ್ನುತ್ತಿದ್ದರು. ಕೊಟ್ಟೂರಿನಿಂದ, ತಂಬ್ರಹಳ್ಳಿಯಿಂದ, ಒಮ್ಮೆ ಹರಪನಹಳ್ಳಿಯ ಕಡೆಯ ಬಾಗಳಿಯಿಂದಲೂ ಜನ ಬಂದದ್ದು ನನಗೆ ನೆನಪಿದೆ. ಬಂದವರು ಮೊದಲು ಮರಿಗಳನ್ನು ನೋಡಲು ಹಿತ್ತಲ ಕಡೆ ಹೊರಟರೆ ಅಜ್ಜಿ ಅವರನ್ನು ಕೂರಿಸುತ್ತಿದ್ದಳು. ನೀರು ಕೊಡುತ್ತಿದ್ದಳು. ಆಮೇಲೆ ಹೆಣ್ಣು ನೋಡಲು ಬಂದವರನ್ನು ವಿಚಾರಿಸಿದ ಹಾಗೆ ವಿಚಾರಣೆ. "ಮಕ್ಕಳೆಷ್ಟದಾವ? ಸಣ್ಣದು ನಡೀತೈತೋ, ಇನ್ನೂ ಅಂಬೆಗಾಲೋ? ದೊಡ್ಡಾಂವ ಕಲ್ಲು ಒಗೀತಾನೇನು? ಉಣ್ಣೋವಾಗ ಪಡಸಾಲ್ಯಾಗ ತಾಟು ಹಿಡಕೊಂಡು ಓಡಾಡ್ತಾವೇನು? ಹಗಲೊತ್ತು ಮನ್ಯಾಗ ದೊಡ್ಡವರು ಯಾರಿರ್ತೀರಿ?" ಬಂದವರಿಗೆ ಇದೆಲ್ಲ ಯಾಕೆಂದು ತಿಳಿಯುತ್ತಿರಲಿಲ್ಲ. ಕೊಟ್ಟೂರಿನ ದೊಡ್ಡ ಮೀಸೆಯ ವ್ಯಾಪಾರಿಯೊಬ್ಬರು ಬಂದು, ಅಂಗಡಿಗೂ ಆಗಬೇಕು ಮನೆಗೂ ಆಗಬೇಕು, ಕಂಡವರ ಮೇಲೆ ಎಗರುವಂಥದ್ದು ಕೊಡು ಎಂದರು. ಮನೆಯಲ್ಲಿ ಮೂರು ವರ್ಷದ ಅವಳಿ ಗಂಡುಮಕ್ಕಳು ಎಂದೂ ಹೇಳಿದರು. ಅಜ್ಜಿ ಉಣ್ಣೆಯಿಂದ ಕಣ್ಣೆತ್ತದೆ, "ನಿಮಗ ನಾಯಿ ಬ್ಯಾಡ್ರಿ. ಒಂದು ಗಟ್ಟಿ ಬೀಗ ತಗೊಳ್ರಿ. ನಾಕು ವರ್ಷ ಬಿಟ್ಟು ಬರ್ರಿ, ಹುಡುಗರಿಗೆ ತಿಳಿವಳಿಕಿ ಬಂದಿರ್ತೈತಿ" ಎಂದಳು. ಅವರು ಸಿಟ್ಟಾಗಿ ಹೋದರು. ನಾಲ್ಕು ವರ್ಷ ಬಿಟ್ಟು ನಿಜವಾಗಿಯೂ ಬಂದರು. ಆ ಹೊತ್ತಿಗೆ ಅಜ್ಜಿ ಮರಿ ಆರಿಸುವುದನ್ನು ಬಿಟ್ಟಿದ್ದಳು.

ಅವಳು ಆರಿಸುತ್ತಿದ್ದ ಬಗೆಯನ್ನು ನಾನು ಎಷ್ಟೋ ಸಲ ಪಕ್ಕದಲ್ಲಿ ಕೂತು ನೋಡಿದ್ದೆ. ಮರಿಯನ್ನು ಅಂಗಾತ ಮಲಗಿಸಿ ಎದೆಯ ಮೇಲೆ ಅಂಗೈ ಇಡುತ್ತಿದ್ದಳು. ಯಾವುದು ಒದ್ದಾಡಿ ಸುಮ್ಮನಾಗುತ್ತದೆ, ಯಾವುದು ಸುಮ್ಮನಾಗುವುದೇ ಇಲ್ಲ ಎಂದು ನೋಡುತ್ತಿದ್ದಳು. ಹಿಂದಿನಿಂದ ಒಂದು ತಾಟು ಬೀಳಿಸಿ, ಬೆಚ್ಚಿ ಓಡಿದ ಮರಿ ತಿರುಗಿ ಬಂದು ತಾಟನ್ನು ಮೂಸುತ್ತದೆಯೋ ಇಲ್ಲವೋ ಎಂದು ಕಾಯುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದದ್ದು ಊಟದ ಪರೀಕ್ಷೆ. ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಒಂದೊಂದೇ ಮರಿಯ ಮುಂದೆ ಇಟ್ಟು, ಅದು ತಿನ್ನುತ್ತಿರುವಾಗಲೇ ಬಟ್ಟಲಿಗೆ ಕೈ ಹಾಕುತ್ತಿದ್ದಳು. ಕೆಲವು ಬಾಲ ಆಡಿಸುತ್ತ ಅವಳ ಬೆರಳನ್ನೂ ನೆಕ್ಕುತ್ತಿದ್ದವು. ಕೆಲವು ಮೈ ಸೆಟೆದು, ಕಣ್ಣಿನ ಬಿಳಿ ತೋರಿಸಿ, ತಿನ್ನುವುದನ್ನು ಇನ್ನೂ ಬಿರುಸು ಮಾಡುತ್ತಿದ್ದವು. ಅಂಥವು ಕೆಟ್ಟವಲ್ಲ ಎಂದು ಅವಳು ನನಗೆ ಹೇಳಿದ್ದಳು. ಅವು ಹಿಂಡಿಗೆ ಹೇಳಿ ಮಾಡಿಸಿದವು. ತಮ್ಮದು ಎಂದುಕೊಂಡದ್ದನ್ನು ತೋಳಕ್ಕೂ ಬಿಟ್ಟುಕೊಡವು. ಆದರೆ ಬಟ್ಟಲಿಗೆ ಕೈ ಹಾಕುವುದು ತೋಳವೋ ಕೂಸೋ ಎಂದು ಅವು ನೋಡುವುದಿಲ್ಲ. ಮನೆಗೆ ಹೋಗುವ ಮರಿ ಗೊತ್ತಾದ ಮೇಲೆ ಕರಿ ಉಣ್ಣೆಯ ದಾರ ಹೊಸೆದು ಅದರ ಕೊರಳಿಗೆ ಕಟ್ಟುತ್ತಿದ್ದಳು. ಆ ಮನೆಯ ಮಗುವಿನ ಹಳೆಯ ಅಂಗಿಯೊಂದನ್ನು ತರಿಸಿಕೊಂಡು ಮರಿ ಮಲಗುವ ಗೋಣಿಯ ಮೇಲೆ ಹಾಸುತ್ತಿದ್ದಳು. ಹೋಗುವ ದಿನಕ್ಕೆ ಮರಿಗೆ ಆ ಮಗುವಿನ ಮೈವಾಸನೆ ರೂಢಿಯಾಗಿರುತ್ತಿತ್ತು. ಇವೆಲ್ಲ ಎಲ್ಲಿ ಕಲಿತಳೋ. ನಿಮ್ಮ ಮನೆಗಳಲ್ಲೂ ಅಂಥವರೊಬ್ಬರು ಇದ್ದಿರಬೇಕು. ಏನನ್ನೋ ಚೆನ್ನಾಗಿ ಬಲ್ಲವರು, ಅದನ್ನು ಯಾರೂ ಬರೆದುಕೊಳ್ಳುವ ಮೊದಲೇ ಹೋಗಿಬಿಟ್ಟವರು.

ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಹೆಣ್ಣುನಾಯಿ ಕೆಂಚಿ ಐದು ಮರಿ ಹಾಕಿತು. ಅವುಗಳಲ್ಲಿ ಎರಡು ಗಂಡುಮರಿಗಳು ಒಂದೇ ಅಚ್ಚಿನವು, ಎರಡೂ ಬೆಲ್ಲದ ಬಣ್ಣ, ಎರಡಕ್ಕೂ ಎದೆಯ ಮೇಲೆ ಒಂದು ಬಿಳಿ ಮಚ್ಚೆ. ಸ್ವಭಾವ ಮಾತ್ರ ಪೂರ್ತಿ ಬೇರೆ. ಒಂದನ್ನು ಎತ್ತಿಕೊಂಡರೆ ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋತುಬೀಳುತ್ತಿತ್ತು. ಇನ್ನೊಂದು ಕೈಗೆ ಬಂದದ್ದೇ ಬಿಗಿಯಾಗಿ ಸುತ್ತ ನೋಡುತ್ತಿತ್ತು, ಆದರೆ ಒಂದು ಸಲವೂ ಕುಂಯ್ ಎನ್ನುತ್ತಿರಲಿಲ್ಲ. ಅದರ ಹಿಂಗಾಲಿನಲ್ಲಿ ಎರಡೂ ಕಡೆ ಒಂದೊಂದು ಹೆಚ್ಚಿನ ಉಗುರು ಇತ್ತು. ಕಲ್ಲುಗುಡ್ಡ ಹತ್ತುವ ನಾಯಿಗೆ ಅದು ಲಕ್ಷಣ ಎಂದು ಅಜ್ಜಿ ಅದನ್ನು ಹಿಂಡಿಗೆ ಇಟ್ಟಳು. ಜೋತುಬೀಳುವ ಮರಿ ಇಟ್ಟಿಗಿ ಎಂಬ ಊರಿಗೆ ಎಂದು ಗೊತ್ತಾಯಿತು. ಇಟ್ಟಿಗಿಯಲ್ಲಿ ನನ್ನ ಸೋದರತ್ತೆ, ಅಪ್ಪನ ತಂಗಿ ಹನುಮಕ್ಕ ಇದ್ದಳು. ಹೊಲದಲ್ಲಿ ಮನೆ, ಎರಡು ವರ್ಷದ ಒಬ್ಬಳೇ ಮಗಳು ಗಿರಿಜ. ಗಿರಿಜೆಯ ಹಳದಿ ಅಂಗಿಯೊಂದು ಆಗಲೇ ಬಂದು ಗೋಣಿಯ ಮೇಲೆ ಬಿದ್ದಿತ್ತು. ಅದೇ ವಾರ ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಅಪ್ಪ ಅವಳನ್ನು ದಾವಣಗೆರೆಗೆ ಕರೆದುಕೊಂಡು ಹೋಗಬೇಕಾಯಿತು. ಹೊರಡುವಾಗ ಅವಳು ನನ್ನ ಅವ್ವನಿಗೆ, "ಇಟ್ಟಿಗಿಯವರು ಬಂದ್ರ ಕರಿ ದಾರದ್ದು ಕೊಡು" ಎಂದಷ್ಟೇ ಹೇಳಿದಳು.

ಆ ಜೋತುಬೀಳುವ ಮರಿಗೆ ನಾನು ಗುಟ್ಟಾಗಿ ಬೆಲ್ಲ ಎಂದು ಹೆಸರಿಟ್ಟಿದ್ದೆ. ಶಾಲೆಯಿಂದ ಬಂದವಳೇ ಚೀಲ ಒಗೆದು ಗೋಣಿಯ ಹತ್ತಿರ ಓಡುತ್ತಿದ್ದೆ. ಅದು ನನ್ನ ಲಂಗದೊಳಗೆ ಮೂತಿ ತೂರಿಸಿ ನಿದ್ದೆ ಹೋಗುತ್ತಿತ್ತು. ಗಿರಿಜೆಯ ಅಂಗಿಯನ್ನು ನಾನು ಒಂದು ದಿನ ಎತ್ತಿ ಗೋಡೆಯ ಮಾಡದಲ್ಲಿ ತುರುಕಿದೆ; ಅವ್ವ ನೋಡಿ ತಿರುಗಿ ಹಾಸಿದಳು. ಅಜ್ಜಿ ದಾವಣಗೆರೆಗೆ ಹೋದ ಮೂರನೆಯ ದಿನ ಬೆಳಿಗ್ಗೆ, ಹನುಮಕ್ಕತ್ತೆಯ ಗಂಡ, ನಮ್ಮ ಮಾವ, ಕೂಡ್ಲಿಗಿಗೆ ಕೆಲಸಕ್ಕೆಂದು ಬಂದವರು ಮರಿ ಒಯ್ಯಲು ನಮ್ಮ ಮನೆಗೆ ಬಂದರು. ಅವ್ವ ಅವರಿಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸದ್ದು ಕೇಳುತ್ತಲೇ ಇತ್ತು. ನಾನು ಹಿತ್ತಲಿಗೆ ಹೋಗಿ ಬೆಲ್ಲನ ಕೊರಳಿನ ದಾರ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಸಡಿಲಿಸಿದೆ. ಇನ್ನೊಂದು ಮರಿಯ ಕೊರಳಿಗೆ ಕಟ್ಟಿದೆ. ಅದು ಅಲ್ಲಾಡಲಿಲ್ಲ, ನನ್ನನ್ನೇ ನೋಡುತ್ತ ಕೂತಿತ್ತು. ಹೆದರಿಕೆಯಾಗಲಿಲ್ಲವೇ ಎಂದು ನೀವು ಕೇಳಬಹುದು. ಆಗಲಿಲ್ಲ. ಎರಡೂ ನಮ್ಮ ಮನೆಯ ಮರಿಗಳೇ, ಒಂದು ಹೋದರೇನು ಇನ್ನೊಂದು ಹೋದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಾಗಲ್ಲ ಎಂದು ಆ ಊರಿನ ಮಕ್ಕಳಲ್ಲೆಲ್ಲ ಚೆನ್ನಾಗಿ ತಿಳಿದಿದ್ದವಳು ನಾನೇ. ಅಜ್ಜಿ ಬಟ್ಟಲಿಗೆ ಕೈ ಹಾಕಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಮಾವ ಮರಿಯನ್ನು ಹಳದಿ ಅಂಗಿಯ ಸಮೇತ ಬುಟ್ಟಿಯಲ್ಲಿಟ್ಟುಕೊಂಡು ಹೋದರು.

ಬೆಲ್ಲ ನನ್ನ ಜೊತೆ ಹನ್ನೊಂದು ದಿನ ಇತ್ತು. ಮರಿಗಳಿಗೆ ಬರುವ ರಕ್ತಭೇದಿ ಅದಕ್ಕೆ ತಗುಲಿತು. ಅವ್ವ ಬೆಳ್ಳುಳ್ಳಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು, ಬೂದಿ ಹಚ್ಚಿದಳು. ಊರಿಗೆ ಬರುವ ಪಶುವೈದ್ಯರು ಆ ವಾರ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅದು ನನ್ನ ಲಂಗದೊಳಗೆ ಮೂತಿ ತೂರಿಸಿದ್ದು ತೆಗೆಯಲೇ ಇಲ್ಲ. ದೊಡ್ಡಿಯ ಹಿಂದೆ ಹುಣಸೆಮರದ ಬುಡದಲ್ಲಿ ಹುಗಿದೆವು. ಅಜ್ಜಿ ಕರಿ ಕನ್ನಡಕ ಹಾಕಿಕೊಂಡು ದಾವಣಗೆರೆಯಿಂದ ಬಂದಾಗ, "ಹಿಂಡಿನ ಮರಿ ಹೋತು ಅತ್ತಿ, ಇಟ್ಟಿಗಿದು ಹುಷಾರೈತಂತ" ಎಂದು ಅವ್ವ ಹೇಳಿದಳು. ಹೋದದ್ದು ಯಾವ ಮರಿ ಎಂದು ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಕಳಿಸಿಕೊಟ್ಟಿದ್ದರೆ ಅದು ಇಟ್ಟಿಗಿಯಲ್ಲಿ ಬದುಕಿರುತ್ತಿತ್ತು ಎಂಬುದನ್ನೂ ಯಾರೂ ಹೇಳದೆ ನಾನೇ ಲೆಕ್ಕ ಹಾಕಿಕೊಂಡೆ. ಆ ದಿನ ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತು? ಎರಡು ಏಟು ಬೀಳುತ್ತಿದ್ದವು. ಮರುದಿನವೇ ಅಜ್ಜಿ ಇಟ್ಟಿಗಿಗೆ ಯಾರನ್ನಾದರೂ ಓಡಿಸುತ್ತಿದ್ದಳು. ಅಷ್ಟೇ ಆಗುತ್ತಿತ್ತು.

ಒಂದೂವರೆ ವರ್ಷ ಇಟ್ಟಿಗಿಯಿಂದ ಒಳ್ಳೆಯ ಸುದ್ದಿಯೇ ಬರುತ್ತಿತ್ತು. ಟೈಗರ್ ಎಂದು ಹೆಸರಿಟ್ಟಿದ್ದರು. ಹೊಲದ ಹಂದಿ ಓಡಿಸುತ್ತದಂತೆ, ಗಿರಿಜೆಯ ಬೆನ್ನು ಬಿಡುವುದಿಲ್ಲವಂತೆ. ಹನುಮಕ್ಕತ್ತೆ ಬಂದಾಗಲೆಲ್ಲ, "ನಿನ್ನ ಕೈಗುಣ ಐತವ್ವ" ಎಂದು ಅಜ್ಜಿಯನ್ನು ಹೊಗಳುತ್ತಿದ್ದಳು. ನನ್ನ ಎದೆಯಲ್ಲಿದ್ದ ಕಲ್ಲು ಒಂದಿಷ್ಟು ಸರಿಯುತ್ತಿತ್ತು. ದೀಪಾವಳಿಗೆ ಅವ್ವನ ಜೊತೆ ನಾನು ಇಟ್ಟಿಗಿಗೆ ಹೋದೆ. ಟೈಗರ್ ನನ್ನ ಎದೆಯೆತ್ತರಕ್ಕೆ ಬೆಳೆದಂತೆ ಕಾಣುತ್ತಿತ್ತು. ನನ್ನನ್ನು ಮೂಸಿ, ಗುರುತು ಹಿಡಿಯದೆ, ದೂರ ಹೋಗಿ ಕೂತಿತು. ಸಂಜೆ ಅತ್ತೆ ಅದರ ಮುಂದೆ ಅನ್ನ ಹಾಕಿದಳು. ಒಂದು ಕೋಳಿ ಹತ್ತಿರ ಹಾದುಹೋಯಿತು. ನಾಯಿ ತಲೆ ಎತ್ತಲಿಲ್ಲ, ಗುರ್ ಎನ್ನಲೂ ಇಲ್ಲ. ಮೈ ಮಾತ್ರ ಸೆಟೆಯಿತು, ಕಣ್ಣಿನ ಬಿಳಿ ಕಾಣಿಸಿತು. ನಾನು ನೋಡಿದೆ. ಅಂಗಳದಲ್ಲಿ ಗಿರಿಜ ಹೊಸ ಗೆಜ್ಜೆ ಹಾಕಿಕೊಂಡು ಓಡಾಡುತ್ತಿದ್ದಳು. ಅದು ಉಣ್ಣುವಾಗ ಕೂಸನ್ನು ಹತ್ತಿರ ಬಿಡಬೇಡ ಅತ್ತೆ ಎಂಬ ಒಂದು ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ನುಂಗಿಕೊಂಡೆ. ದಾರ ಬಿಚ್ಚಿದ್ದು ಒಂಬತ್ತು ವರ್ಷದವಳು, ಅವಳನ್ನು ನಾನು ಹೇಗೋ ಕ್ಷಮಿಸಿದ್ದೇನೆ. ಆ ಸಂಜೆ ಸುಮ್ಮನಿದ್ದವಳನ್ನು ಕ್ಷಮಿಸುವುದು ಇವತ್ತಿಗೂ ಆಗಿಲ್ಲ.

ಆದದ್ದು ಮುಂದಿನ ಬೇಸಿಗೆಯಲ್ಲಿ, ಹಾಡಹಗಲಿನಲ್ಲಿ. ಗಿರಿಜೆಗೆ ಆಗ ನಾಲ್ಕು ವರ್ಷ. ಅಂಗಳದಲ್ಲಿ ರೊಟ್ಟಿ ತಿನ್ನುತ್ತ ಓಡಾಡುತ್ತಿದ್ದ ಮಗುವಿನ ಕೈಯಿಂದ ತುಂಡೊಂದು ಜಾರಿ ನಾಯಿಯ ತಾಟಿನ ಪಕ್ಕದಲ್ಲಿ ಬಿತ್ತು. ಅವಳು ಬಗ್ಗಿದಳು. ಒಂದೇ ಸಲ ಬಾಯಿ ಹಾಕಿ ಬಿಟ್ಟುಬಿಟ್ಟಿತಂತೆ; ಬಿಟ್ಟ ಮೇಲೆ ತಾನೇ ಹೋಗಿ ಗೋಡೆಯ ಬದಿಗೆ ಮುದುರಿ ಕೂತಿತಂತೆ. ಕೆನ್ನೆಯಿಂದ ಮೇಲ್ತುಟಿಯವರೆಗೆ ಹರಿದಿತ್ತು. ಹಡಗಲಿಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ದಾವಣಗೆರೆಗೆ ಕಳಿಸಿದರು, ಅಲ್ಲಿ ಹೊಲಿಗೆ ಹಾಕಿದರು. ಸುದ್ದಿ ನಮ್ಮ ಮನೆಗೆ ಬಂದಾಗ ಅಜ್ಜಿ ಉಣ್ಣೆ ಬಿಡಿಸುತ್ತಿದ್ದಳು. ಎದ್ದಳು, ಸೆರಗು ಕೊಡವಿದಳು, ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಇಟ್ಟಿಗಿಗೆ ಹೊರಟೇಬಿಟ್ಟಳು. ಮಾವ ನಾಯಿಯನ್ನು ಬಡಿದು ಸಾಯಿಸುತ್ತೇನೆಂದು ನಿಂತಿದ್ದರು. ಹತ್ತು ದಿನ ಕಟ್ಟಿಹಾಕಿ ನೋಡಬೇಕೆಂದು ಡಾಕ್ಟರು ಹೇಳಿದ್ದಾರೆ, ಆಮೇಲೆ ನಾನು ಒಯ್ಯುತ್ತೇನೆ ಎಂದು ಅಜ್ಜಿ ಅಲ್ಲೇ ಕೂತಳಂತೆ. ಹತ್ತು ದಿನವೂ ಅದಕ್ಕೆ ಅವಳೇ ಅನ್ನ ಹಾಕಿದಳಂತೆ.

ಹನ್ನೊಂದನೆಯ ದಿನ ಈರುಳ್ಳಿ ಹೇರಿಕೊಂಡು ಬಂದ ಒಂದು ಮಿನಿ ಲಾರಿ ನಮ್ಮ ಮನೆಯ ಮುಂದೆ ನಿಂತಿತು. ಅಜ್ಜಿ ಇಳಿದಳು, ಹಿಂದೆ ಸರಪಳಿಯ ಜೊತೆ ಟೈಗರ್ ಇಳಿಯಿತು. ಪಡಸಾಲೆಯ ಕಂಬಕ್ಕೆ ಅದನ್ನು ಕಟ್ಟಿ, ನೀರು ಕುಡಿಸಿ, ಅವಳು ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಅವಳು ಅದರ ಬಲ ಹಿಂಗಾಲು ಎತ್ತಿ ಹೆಬ್ಬೆರಳಿನಿಂದ ಉಗುರುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಎಡಗಾಲು ಎತ್ತಿ ಹಾಗೆಯೇ ಒತ್ತಿ ನೋಡಿದಳು. ಇಟ್ಟಿಗಿಯಲ್ಲೇ ನೋಡಿದ್ದಳೋ, ಮತ್ತೊಮ್ಮೆ ಖಾತ್ರಿ ಮಾಡಿಕೊಂಡಳೋ ನನಗೆ ತಿಳಿಯದು. ಕಾಲನ್ನು ಮೆಲ್ಲಗೆ ಕೆಳಗಿಟ್ಟು ಕತ್ತೆತ್ತಿದಳು. ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. ಬಹಳ ಹೊತ್ತೂ ನೋಡಲಿಲ್ಲ. ಆಮೇಲೆ ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದಳು. ಅಪ್ಪ ಬಂದು, ಅವ್ವ ಬಂದು, ಅಕ್ಕಪಕ್ಕದವರು ಸೇರಿ, ದುರುಗಮ್ಮ ಆರಿಸಿದ ಮರಿ ಹೀಗೆ ಮಾಡಿತೇ ಎಂದು ಮಾತಾಡುತ್ತಿದ್ದಾಗ ಅವಳು ಒದ್ದೆ ಕೈಯಲ್ಲೇ ಬಂದು, "ತಪ್ಪು ನಂದ. ಆರಿಸೋವಾಗ ಕಣ್ಣು ಮಂಜಾಗಿದ್ವು" ಎಂದಳು. ಎಲ್ಲರೂ ನಂಬಿದರು. ಅವಳಿಗೆ ಗೊತ್ತಾಯಿತೇ, ಗೊತ್ತಿದ್ದೂ ಹಾಗೆ ಹೇಳಿದಳೇ ಎಂಬ ಪ್ರಶ್ನೆ ಅಂದು ನನ್ನೊಳಗೆ ಹೊಕ್ಕು ಕೂತಿತು.

ಅಂದಿನಿಂದ ಅಜ್ಜಿ ಒಂದು ಮರಿಯನ್ನೂ ಆರಿಸಲಿಲ್ಲ. ಬಂದವರಿಗೆ, "ಕಣ್ಣು ಹೋಗ್ಯಾವ್ರಿ" ಎನ್ನುತ್ತಿದ್ದಳು. ಪೊರೆ ತೆಗೆದ ಮೇಲೆ ಅವಳ ಕಣ್ಣು ಎಷ್ಟು ಚುರುಕಾಗಿತ್ತೆಂದರೆ ಅವ್ವನಿಗೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ಅವಳೇ. ಮನೆಯಲ್ಲಿ ಹುಟ್ಟಿದ ಮರಿಗಳನ್ನು ಅಪ್ಪ ಕೇಳಿದವರಿಗೆ ಕೇಳಿದ ಹಾಗೆ ಕೊಟ್ಟುಬಿಡುತ್ತಿದ್ದ. ಆ ಹೊತ್ತಿನಲ್ಲಿ ಅಜ್ಜಿ ಒಳಗೆ ಹೋಗಿ ಕೂರುತ್ತಿದ್ದಳು. ಟೈಗರ್ ಮಾತ್ರ ಹಿಂಡಿನ ಜೊತೆ ಹೋಗಿ ಎಂಟು ವರ್ಷ ಬದುಕಿತು. ಅಂಥ ನಾಯಿಯನ್ನು ತಾನು ಕಂಡಿಲ್ಲ ಎಂದು ಚಿಕ್ಕಪ್ಪ ಕಡೆಯವರೆಗೂ ಹೇಳುತ್ತಿದ್ದ. ಅದು ಇರುವಷ್ಟು ಕಾಲ ತೋಳ ಒಂದು ಕುರಿಮರಿಯನ್ನೂ ಮುಟ್ಟಲಿಲ್ಲ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಹೋಗುತ್ತಿದ್ದೆ. ನಾನು ಕೂಡ್ಲಿಗಿಯ ಹಾಸ್ಟೆಲಿಗೆ ಹೋದೆ, ಓದಿದೆ, ಶಿಕ್ಷಕಿಯಾದೆ, ಮದುವೆಯಾಯಿತು. ಗಿರಿಜೆಯ ಮದುವೆಯಾದ ಮುಂದಿನ ವರ್ಷ ಅಜ್ಜಿ ಹೋದಳು. ಅದಾಗಿ ಹನ್ನೊಂದು ವರ್ಷ. ಅಪ್ಪ ಮತ್ತು ಚಿಕ್ಕಪ್ಪ ಕುರಿ ಮಾರಿ ಬೇರೆಯಾದರು. ಮಾಳಿಗೆಯ ಮನೆಯನ್ನು ಕೆಡವಿದರು. ಈಗ ಅಲ್ಲಿ ಚಿಕ್ಕಪ್ಪನ ಮಗನ ಹಿಟ್ಟಿನ ಗಿರಣಿ ಇದೆ, ಮೇಲೆ ತಗಡು. ಹುಣಸೆಮರ ಕೂಡ ಇಲ್ಲ. ಹೋದ ಸಲ ಹೋದಾಗ ಪಡಸಾಲೆ ಎಲ್ಲಿತ್ತೆಂದು ಹೆಜ್ಜೆ ಹಾಕಿ ಅಳೆಯಲು ನೋಡಿದೆ. ಅಳತೆ ಎರಡು ಸಲವೂ ಬೇರೆ ಬೇರೆ ಬಂತು.

ಲ್ಯಾಬ್ರಡಾರ್ ಮರಿಯನ್ನು ಆ ಭಾನುವಾರ ವಾಪಸು ಕಳಿಸಿದೆವು. ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಓದಿಸುತ್ತಿದ್ದಾಗ ನನಗೆ ಇನ್ನು ತಡೆಯಲಾಗಲಿಲ್ಲ. ಅರ್ಧ ದಿನ ರಜೆ ಹಾಕಿ ತಂಬ್ರಹಳ್ಳಿಯ ಬಸ್ಸು ಹತ್ತಿದೆ. ಗಿರಿಜ ಅಲ್ಲಿ ಅಂಗನವಾಡಿ ಟೀಚರ್. ಇಷ್ಟು ಹತ್ತಿರವಿದ್ದೂ ನಾನು ಹೋಗುತ್ತಿದ್ದದ್ದು ಮದುವೆ, ತೊಟ್ಟಿಲು ಇದ್ದರೆ ಮಾತ್ರ. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ಹೊಸ್ತಿಲಾಚೆ ಒಂದು ಬೀದಿನಾಯಿ ಬಿದ್ದುಕೊಂಡಿತ್ತು. ಗಿರಿಜ ಅದನ್ನು ದಾಟಿ ಬಂದು ನನ್ನ ಕೈ ಹಿಡಿದುಕೊಂಡಳು. ನಕ್ಕಾಗ ಅವಳ ತುಟಿ ಎಡಕ್ಕೆ ಒಂದಿಷ್ಟು ಎಳೆದುಕೊಳ್ಳುತ್ತದೆ. ನಾನು ನೀರನ್ನೂ ಮುಟ್ಟದೆ ಹೇಳಿದೆ. ದಾರ ಬಿಚ್ಚಿದ್ದು, ಕಟ್ಟಿದ್ದು, ದೀಪಾವಳಿಯ ಸಂಜೆ ಕಂಡದ್ದು, ಎಲ್ಲ. ಅವಳು ಮಲಗಿದ ಮಕ್ಕಳಿಗೆ ಕೇಳಿಸದಂತೆ ಮೆಲ್ಲಗೆ, "ಗೊತ್ತೈತಿ ಮಂಜಕ್ಕ" ಎಂದಳು.

"ಯಾರು ಹೇಳಿದ್ರು ನಿಂಗ?"

"ಅಜ್ಜಿ. ನನ್ನ ಲಗ್ನಕ್ಕ ಎರಡು ದಿನ ಮೊದಲು. ಮರಿ ಬದ್ಲಾಗಿತ್ತು, ಮಂಜಿ ಸಣ್ಣಾಕಿ, ಮರಿ ಮ್ಯಾಲಿನ ಪ್ರೀತಿಗೆ ಮಾಡ್ಯಾಳ ಅಂದ್ಲು. ಮತ್ಯಾರಿಗೂ ಹೇಳಿಲ್ಲ, ನಿನ್ನ ಮಾರಿ ಮ್ಯಾಲೆ ಆಗಿದ್ದು, ನಿಂಗ ಗೊತ್ತಿರಬೇಕು ಅಂದ್ಲು."

ಅಷ್ಟು ವರ್ಷದಿಂದ ಗೊತ್ತಿದ್ದೂ ಯಾಕೆ ಕೇಳಲಿಲ್ಲ, ಸಿಟ್ಟು ಬರಲಿಲ್ಲವೇ ಎಂದೆ.

"ಬಂತು. ನಾಯಿ ಕಚ್ಚಿದ್ದು ನಂಗ ನೆನಪ ಇಲ್ಲಕ್ಕ, ಅದಕ್ಕ ಏನು ಸಿಟ್ಟು ಮಾಡ್ಲಿ. ದೀಪಾವಳಿ ದೀಪಾವಳಿಗೆ ಬಂದು ನನ್ನ ಜಡಿ ಹೆಣದು ಹೋಗ್ತಿದ್ದಿ. ಒಂದು ಸಲಾನೂ ಹೇಳ್ಲಿಲ್ಲಲ್ಲ, ಅದಕ್ಕ ಬಂತು." ಅವಳು ಚಾಪೆಯ ಮೇಲೆ ಹೊರಳಿದ ಮಗುವೊಂದರ ಹೊದಿಕೆ ಸರಿ ಮಾಡಿದಳು. "ಕೇಳಬೇಕು ಅಂತ ಎಷ್ಟೋ ಸಲ ಅನಿಸೇತಿ. ಅಜ್ಜಿ ಬ್ಯಾಡ ಅಂದಿದ್ಲು. ಆಕಿ ತಾನ ಬಂದು ಹೇಳ್ತಾಳ, ಅಲ್ಲೀತನಕ ನೀ ಬಾಯಿ ಬಿಡಬ್ಯಾಡ ಅಂತ ಆಣಿ ಮಾಡಿಸಿಕೊಂಡಿದ್ಲು. ಭಾಳ ತಡ ಮಾಡಿದಿ ಅಕ್ಕ."

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನಪಡಿಸಲೂ ಇಲ್ಲ. ಪಕ್ಕದಲ್ಲಿ ಕೂತಿದ್ದಳು ಅಷ್ಟೇ. ಮಕ್ಕಳು ಏಳುವ ಹೊತ್ತಾದಾಗ ಎದ್ದು, ಸ್ಟೌ ಹಚ್ಚಿ ಚಹಾ ಮಾಡಿದಳು. ನನ್ನ ಮಕ್ಕಳ ನಾಯಿಯ ವಿಷಯ ಕೇಳಿದಳು. ಜಾತಿಯ ಮಾತು ಬಂದಾಗ, ಅದರ ಹೆಸರು ತಗೊಂಡು ಏನು ಮಾಡುತ್ತೀರಿ, ಮರಿಯೇ ಬೇಡ, ಬೆಳೆದ ನಾಯಿ ತನ್ನಿ, ಅದು ಹೇಗೆಂದು ನಾಲ್ಕು ದಿನದಲ್ಲಿ ಕಣ್ಣಿಗೇ ಕಾಣುತ್ತದೆ ಎಂದಳು. ಹಾಗೇ ಮಾಡಿದೆವು. ಕೊಟ್ಟೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಮಗಳ ಊರಿಗೆ ಹೋಗುವವರಿದ್ದರು. ಅವರ ಮನೆಯ ನಾಲ್ಕು ವರ್ಷದ ಹೆಣ್ಣುನಾಯಿ, ಯಾವ ಜಾತಿಯೋ ಯಾರಿಗೂ ತಿಳಿಯದ್ದು, ಈಗ ನಮ್ಮ ಬಾಗಿಲಲ್ಲಿ ಮಲಗುತ್ತದೆ. ಅದು ಉಣ್ಣುವಾಗ ಮಕ್ಕಳು ದೂರ ಇರಬೇಕು ಎಂಬುದೊಂದು ಕಟ್ಟಳೆ ಮಾಡಿದ್ದೇನೆ. ಯಾಕೆ ಎಂದು ಮಗಳು ಕೇಳಿದಳು. ನಾನು ಮೊದಲಿನಿಂದ ಹೇಳಿದೆ.

ಒಂದು ಮಾತು ಮಾತ್ರ ಯಾರಿಗೂ ಹೇಳಿಲ್ಲ, ಗಿರಿಜೆಗೂ. ಅದು ತಂಬ್ರಹಳ್ಳಿಯಿಂದ ತಿರುಗಿ ಬರುವ ಬಸ್ಸಿನಲ್ಲಿ ನೆನಪಾದದ್ದು. ಹಾಸ್ಟೆಲಿಗೆ ಹೋಗುವಾಗ, ಆಮೇಲೆ ಕಾಲೇಜಿಗೆ, ಆಮೇಲೆ ಗಂಡನ ಮನೆಗೆ ಹೊರಟಾಗ, ಅಷ್ಟು ವರ್ಷವೂ ನನ್ನನ್ನು ಬಸ್ಸಿಗೆ ಹತ್ತಿಸಲು ರಸ್ತೆಯವರೆಗೆ ನಡೆದು ಬರುತ್ತಿದ್ದವಳು ಅಜ್ಜಿ. ಅಪ್ಪ, ಅವ್ವ ಮನೆಯ ಬಾಗಿಲಿನಲ್ಲೇ ನಿಲ್ಲುತ್ತಿದ್ದರು. ಅವಳು ಮಾತ್ರ ನನ್ನ ಚೀಲ ಹಿಡಿದು, ಬೇರೆ ಯಾರನ್ನೂ ಜೊತೆಗೆ ಬರಗೊಡದೆ, ಬೇಲಿಯ ದಾರಿಯಲ್ಲಿ ನನ್ನ ಪಕ್ಕದಲ್ಲಿ ನಡೆಯುತ್ತಿದ್ದಳು. ಬಸ್ಸು ಕಾಣಿಸಿದಾಗ ಚೀಲವನ್ನು ನನ್ನ ಕೈಗೆ ಕೊಡುತ್ತ, "ಮತ್ತೇನರ ಹೇಳೋದೈತೇನವ್ವ?" ಎಂದು ಕೇಳುತ್ತಿದ್ದಳು. ದೊಡ್ಡವರು ಕೇಳುವ ಮಾತು ಎಂದುಕೊಂಡು, ಏನೂ ಇಲ್ಲಜ್ಜಿ ಎಂದು ನಾನು ಬಸ್ಸು ಹತ್ತುತ್ತಿದ್ದೆ. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ರಸ್ತೆಯ ಅಂಚಿನಲ್ಲೇ ನಿಂತಿರುತ್ತಿದ್ದಳು. ನನ್ನನ್ನು ಕಳಿಸಿಕೊಡಲು ನಿಂತಿದ್ದಾಳೆ ಎಂದುಕೊಂಡಿದ್ದೆ.